ಅಂಗೈಗನ್ನಡಿಯ ಹಸಿರು

ಸೋಮವಾರ ಬೆಳಗ್ಗೆ ನೀಲಾಂಬಿಕಾಳ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಹದಿನಾಲ್ಕು ವರ್ಷದ ಮಗಳು ಬನಶ್ರೀ ಬೂಟಿನ ದಾರ ಕಟ್ಟುವ ಮೊದಲು ಎರಡೂ ಅಂಗೈಗಳಿಗೆ ಸೋಪು ಹಚ್ಚಿ ತೊಳೆಯುತ್ತಿದ್ದಳು, ಒರೆಸುತ್ತಿದ್ದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅತ್ತೆ ಗಂಗವ್ವ ಒಲೆಯ ಮುಂದೆ ನಿಂತು ಮೊಮ್ಮಗಳ ಬೆನ್ನನ್ನು ನೋಡಿ ನಿಟ್ಟುಸಿರಿಡುತ್ತಿದ್ದಳು. ಗಂಡ ಮಹಾಂತೇಶ ಸರಕು ರೈಲಿನ ಚಾಲಕ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವನಿದ್ದ ಸೋಮವಾರವೂ ಹೀಗೇ ಇರುತ್ತಿತ್ತು. ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಅಂದು ಹೀಗೆಯೇ. ಸೋಮವಾರ ಶಾಲೆಗಳಲ್ಲಿ ಅಂಗೈಗನ್ನಡಿಯ ದಿನ.

ಅಂಗೈಗನ್ನಡಿ ಎಂದರೆ ಇಡ್ಲಿ ಪಾತ್ರೆಯಷ್ಟು ದೊಡ್ಡ ಬಿಳಿಯ ಪೆಟ್ಟಿಗೆ. ಮೇಲೆ ಒಂದು ಕೈ ಊರುವಷ್ಟು ಗಾಜು. ಗಾಜಿನ ಕೆಳಗಿಂದ ನೀಲಿ ಬೆಳಕು ಹೊಮ್ಮಿ, ಚರ್ಮದೊಳಕ್ಕೆ ಇಳಿದು, ಮರಳಿ ಬರುತ್ತದೆ. ಗಜ್ಜರಿಗೆ, ಕುಂಬಳಕಾಯಿಗೆ, ಪಪ್ಪಾಯಿಗೆ, ಕೆಂಪು ಮೆಣಸಿನಕಾಯಿಗೆ ಬಣ್ಣ ಕೊಡುವ ಪೋಷಕಾಂಶಗಳು ಚರ್ಮದಲ್ಲಿ ಇದ್ದಷ್ಟೂ ಆ ನೀಲಿಯನ್ನು ನುಂಗುತ್ತವೆ. ಮರಳುವ ಬೆಳಕು ಎಷ್ಟು ಕಡಿಮೆಯೋ ಮಗುವಿನ ಅಂಕ ಅಷ್ಟು ಹೆಚ್ಚು.

ಆ ಬಣ್ಣದ ಮೇಲೆ ಇಷ್ಟೊಂದು ಕಣ್ಣು ಯಾಕೆಂದರೆ, ನಮ್ಮ ಮೈಯೊಳಗೆ ಉಂಡದ್ದು ಉರಿಯುವಾಗ ಕಿಡಿಗಳು ಸಿಡಿಯುತ್ತವೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಜಾತಿಯ ಕಿಡಿಗಳು. ಬಣ್ಣದ ಅಣುಗಳು ಅವಕ್ಕೆ ಎದೆಯೊಡ್ಡಿ ತಾವು ಸುಟ್ಟುಕೊಂಡು ಜೀವಕೋಶವನ್ನು ಉಳಿಸುತ್ತವೆ. ತೂಕ ಮೀರಿದ ಮಕ್ಕಳಲ್ಲಿ ಕಿಡಿ ಹೆಚ್ಚು, ತಡೆ ಕಡಿಮೆ. ಹತ್ತು ಹನ್ನೆರಡನೆಯ ವಯಸ್ಸಿಗೇ ಯಕೃತ್ತಿನಲ್ಲಿ ಕೊಬ್ಬು ಕೂಡುತ್ತದೆ, ಇನ್ಸುಲಿನ್ ಎಷ್ಟು ಕೂಗಿದರೂ ಕೋಶಗಳಿಗೆ ಕೇಳಿಸದಂತಾಗುತ್ತದೆ. ಆದ್ದರಿಂದ ವರ್ಣಾರೋಗ್ಯ ಯೋಜನೆ ಬಂತು. ಅರವತ್ತು ಅಂಕ ಮೀರಿದರೆ ಹಸಿರು ದೀಪ. ಮೂವತ್ತೈದಕ್ಕಿಂತ ಕೆಳಗಾದರೆ ಕೆಂಪು. ನಡುವೆ ಹಳದಿ. ತೂಕ ಮೀರಿದವರ ಪಟ್ಟಿಯಲ್ಲಿರುವ ಮಗುವಿಗೆ ಸತತ ಹನ್ನೆರಡು ಸೋಮವಾರ ಕೆಂಪು ಬಂದರೆ ಮನೆಯಲ್ಲಿ ಆರೈಕೆ ಸಾಲದೆಂದು ತಿಳಿದು, ತೊಂಬತ್ತು ದಿನ ಆರೈಕೆ ಶಿಬಿರಕ್ಕೆ ಕಳಿಸುವುದು.

ಬೆಳಕನ್ನು ಅಂಕವಾಗಿ ಬದಲಿಸುವ ರೇಖೆಯನ್ನು ಏಳು ವರ್ಷಗಳ ಹಿಂದೆ ಎಳೆದವಳು ನೀಲಾಂಬಿಕಾ. ಪೋಷಣ ಮಾಪನ ಪ್ರಯೋಗಾಲಯದ ಹಿರಿಯ ಜೀವರಸಾಯನ ತಜ್ಞೆ ಡಾಕ್ಟರ್ ನೀಲಾಂಬಿಕಾ ಮೋಟೆಬೆನ್ನೂರ. ಆ ರೇಖೆ ಈಗ ಹನ್ನೊಂದು ಜಿಲ್ಲೆಗಳ ಎಲ್ಲ ಪೆಟ್ಟಿಗೆಗಳ ಒಳಗಿತ್ತು.

ಅಂದು ಸಂಜೆ ಬನಶ್ರೀ ಚೀಲವನ್ನು ಸೋಫಾದ ಮೇಲೆ ಒಗೆದು, "ಇಪ್ಪತ್ತೊಂಬತ್ತು," ಎಂದಳು. ಒಂಬತ್ತನೆಯ ಕೆಂಪು. ಚೀಲದೊಳಗೆ ನೋಟಿಸು ಇತ್ತು. ‘ನಿಮ್ಮ ಮಗುವಿಗೆ ಮನೆಯಲ್ಲಿ ತರಕಾರಿ, ಹಣ್ಣು ಸಾಕಷ್ಟು ದೊರೆಯುತ್ತಿಲ್ಲವೆಂದು ಮಾಪನದಿಂದ ಕಂಡುಬಂದಿದೆ.’

ಗಂಗವ್ವ ಕನ್ನಡಕ ಏರಿಸಿ ಎರಡು ಸಲ ಓದಿದಳು. "ದೊರಿಯೂದಿಲ್ಲಂತ! ಯಾಂವ ಬರದಾಂವ ಇದನ್ನ? ಕರಕೊಂಡ ಬಾ ಅವನ್ನ, ನನ್ನ ಅಡಗಿ ಮನೀಗೆ. ನಿನ್ನೆ ಕುಂಬಳಕಾಯಿ, ಮೊನ್ನೆ ನುಗ್ಗಿಸೊಪ್ಪು, ಆಚೆ ಮೊನ್ನೆ ಗಜ್ಜರಿ ಕೋಸಂಬರಿ. ದನಕ್ಕ ಹಾಕಿದಂಗ ಸೊಪ್ಪು ಹಾಕೇನಿ ಕೂಸಿಗೆ!"

"ದನಕ್ಕ ಹಾಕಿದಂಗ ಅಂದ್ರ? ನಾ ದನಾನ ಆಯಿ?" ಎಂದಳು ಬನಶ್ರೀ.

"ಏ, ನಾ ಹಂಗ ಅಂದೆನೇನ..."

ನೀಲಾಂಬಿಕಾ ನಗಲಿಲ್ಲ. ಅವಳ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಇಷ್ಟು ತಿಂದರೆ ಐವತ್ತಾದರೂ ಬರಬೇಕು. ರೇಖೆ ಹಾಗೆನ್ನುತ್ತದೆ. ಬಂದಿಲ್ಲವೆಂದರೆ ತಿಂದಿಲ್ಲ.

"ಬನಿ, ಖರೇ ಹೇಳು. ಬುತ್ತಿ ತಿಂತೀಯೋ, ಚೆಲ್ಲತೀಯೋ?"

ಹುಡುಗಿ ತಾಯಿಯ ಮುಖವನ್ನೇ ನೋಡಿದಳು. ಅಳುತ್ತಾಳೆಂದು ನೀಲಾಂಬಿಕಾ ಎಣಿಸಿದ್ದಳು. ಅವಳು ಅಳಲಿಲ್ಲ. "ನಿನ್ನ ಮಷಿನ್ ಸುಳ್ಳ ಹೇಳೂದಿಲ್ಲಲ್ಲ ಮಮ್ಮಿ. ಹಂಗಾರ ನಾನ ಹೇಳ್ತಿರಬೇಕು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನದಿಂದ ನೀಲಾಂಬಿಕಾ ಒಂದು ವಾರ ರಜೆ ಹಾಕಿ ಮನೆಯಲ್ಲಿ ಕುಳಿತಳು. ಮಗಳ ತಾಟಿಗೆ ಬೀಳುವ ಪ್ರತಿಯೊಂದನ್ನೂ ತೂಗಿದಳು. ಬುತ್ತಿ ಉಣ್ಣುವ ಹೊತ್ತಿಗೆ ಶಾಲೆಯ ಗೇಟಿನ ಹೊರಗೆ ನಿಂತು, ಬೇವಿನ ಮರದ ಕೆಳಗೆ ಬನಶ್ರೀ ಒಬ್ಬಳೇ ಡಬ್ಬಿ ಬಿಚ್ಚುವುದನ್ನೂ, ಪಲ್ಯದ ಕೊನೆಯ ಎಳೆಯನ್ನು ಬೆರಳಿನಿಂದ ಒರೆಸಿ ತಿನ್ನುವುದನ್ನೂ ಕಳ್ಳಿಯ ಹಾಗೆ ನೋಡಿದಳು. ಹುಡುಗಿ ಸುಳ್ಳು ಹೇಳಿರಲಿಲ್ಲ. ಮುಂದಿನ ಸೋಮವಾರದ ಅಂಕ ಮೂವತ್ತು.

ಉತ್ತರ ಸಿಕ್ಕದ್ದು ಅಡುಗೆಮನೆಯಲ್ಲಿ. ನೋಟಿಸು ಬಂದಂದಿನಿಂದ ಗಂಗವ್ವ ಸಾರನ್ನು ಎರಡು ಪಾತ್ರೆಗಳಲ್ಲಿ ಮಾಡುತ್ತಿದ್ದಳು. ಮೊಮ್ಮಗಳದ್ದಕ್ಕೆ ಒಂದು ಚಮಚ ಎಣ್ಣೆ, ಉಳಿದವರದ್ದಕ್ಕೆ ಕೈಯಳತೆಯ ಎಣ್ಣೆ. ಎರಡಕ್ಕೂ ಒಂದೊಂದೇ ಚಮಚ ಬ್ಯಾಡಗಿ ಖಾರ. ನೀಲಾಂಬಿಕಾ ಎರಡರ ಮುಂದೆಯೂ ನಿಂತಳು. ಕಡಿಮೆ ಎಣ್ಣೆಯ ಸಾರು ಮೇಲಿನಿಂದ ತಳದವರೆಗೆ ಕೆಂಪಗಿತ್ತು. ಹೆಚ್ಚು ಎಣ್ಣೆಯದ್ದರ ಮೇಲೆ ಕೆಂಡದಂಥ ಪದರ ತೇಲುತ್ತಿತ್ತು. ಸೌಟು ಅದ್ದಿ ಕೆಳಗಿನದನ್ನು ಎತ್ತಿದರೆ ಬಿಳಿಚಿದ ನೀರು.

"ಅತ್ತಿ, ಇದಕ್ಕೂ ಅಷ್ಟ ಖಾರ ಹಾಕೀರೇನ?"

"ಅಷ್ಟ ಹಾಕೇನವಾ. ಎಣ್ಣಿ ಹೆಚ್ಚಾತಂದ್ರ ಬಣ್ಣೆಲ್ಲಾ ಎಣ್ಣೀನ ಕುಡೀತೈತಿ. ಕೆಳಗ ನೀರು ಬೋಳ. ಇಷ್ಟ ಓದೀದಿ, ಇದು ಗೊತ್ತಿಲ್ಲೇನ?"

ಗೊತ್ತಿತ್ತು. ಎಂ.ಎಸ್ಸಿ. ಮೊದಲ ವರ್ಷದಿಂದ ಗೊತ್ತಿತ್ತು. ಈ ಬಣ್ಣಗಳು ನೀರಿಗೆ ಕರಗುವುದಿಲ್ಲ, ಕೊಬ್ಬಿಗೆ ಕರಗುತ್ತವೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ತಿಂದ ಬಣ್ಣವೆಲ್ಲ ಅದರೊಳಗೆ ಇಳಿದು ಕೂರುತ್ತದೆ, ರಕ್ತಕ್ಕೂ ಚರ್ಮಕ್ಕೂ ಉಳಿಯುವುದು ಸ್ವಲ್ಪ. ಬನಶ್ರೀ ತಿಂದಿದ್ದಳು. ತಿಂದದ್ದು ಅವಳ ಮೈಯಲ್ಲೇ, ಬೆಳಕಿಗೆ ಕಾಣದ ಕಡೆ ಅಡಗಿತ್ತು. ಪೆಟ್ಟಿಗೆ ಚರ್ಮವನ್ನು ಮಾತ್ರ ನೋಡಿ ಮನೆಯ ಮೇಲೆ ತೀರ್ಪು ಕೊಡುತ್ತಿತ್ತು. ಆದರೆ ರೇಖೆಯನ್ನು ಎಳೆಯುವಾಗ ಇದು ಸಿಕ್ಕಿಬೀಳಬೇಕಿತ್ತಲ್ಲ? ದಪ್ಪನೆಯ ಮಕ್ಕಳೂ ಆ ಅಳತೆಯಲ್ಲಿದ್ದರಲ್ಲ?

ಅವಳು ಪ್ರಯೋಗಾಲಯಕ್ಕೆ ಓಡಿದಳು.

ಉಪಕರಣ ನೋಡಿಕೊಳ್ಳುವ ಮುಸ್ತಾಕ್ ನದಾಫ ಹಳೆಯ ಟ್ರಂಕಿನಿಂದ ನೀಲಿ ರಟ್ಟಿನ ನೋಟ್‌ಬುಕ್ಕನ್ನು ತೆಗೆದುಕೊಟ್ಟ. ಏಳು ವರ್ಷದ ಹಿಂದೆ ಇಬ್ಬರೂ ಸೇರಿ ಒಂದು ಕ್ರೀಡಾ ವಸತಿ ಶಾಲೆಯಲ್ಲಿ ನಾಲ್ಕುನೂರ ಐವತ್ತು ಮಕ್ಕಳ ಅಂಗೈ ನೋಡಿದ್ದರು. ಆ ಶಾಲೆಯೇ ಯಾಕೆಂದರೆ ಅಲ್ಲಿ ಮಕ್ಕಳು ಬೆಳಗ್ಗೆ ಆರಕ್ಕೆ ಬರಿಹೊಟ್ಟೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಭೋಜನಶಾಲೆಯಲ್ಲಿ ಯಾರಿಗೆ ಏನು, ಎಷ್ಟು ಬಡಿಸಿದರೆಂಬುದು ಗ್ರಾಮಿನ ತನಕ ಬರೆದಿರುತ್ತಿತ್ತು. ಅಳತೆ ಮಾಡುವವರಿಗೆ ಸ್ವರ್ಗ. ಓಟಗಾರರು, ಕೊಕ್ಕೊ ಆಡುವವರು, ಸೈಕಲ್ ತುಳಿಯುವವರು. ಎಲ್ಲರೂ ಬಿದಿರುಕಡ್ಡಿಗಳು.

ನಾಲ್ಕನೆಯ ದಿನದ ಪುಟದಲ್ಲಿ ಅವಳ ಕೈ ನಿಂತಿತು. ಮೂವತ್ತೆಂಟು ಹೆಸರುಗಳ ಮೇಲೆ ಪೆನ್ಸಿಲಿನ ಗೆರೆ. ಪಕ್ಕದಲ್ಲಿ ಅವಳದೇ ದುಂಡು ಅಕ್ಷರ: ‘ಕುಸ್ತಿ ವಿಭಾಗ. ಅಂಗೈ ಒರಟು, ಗಂಟುಗಟ್ಟಿದೆ. ಬೆಳಕಿನ ಅಳತೆ ನಂಬುವಂತಿಲ್ಲ. ಕೈಬಿಡಲಾಗಿದೆ.’

"ಪೈಲ್ವಾನ್ ಹುಡುಗರ್ರಿ," ಎಂದ ಮುಸ್ತಾಕ್ ಮೆಲ್ಲಗೆ. "ಗದಾ ಹೊಡದು ಹೊಡದು ಕೈ ಮರ ಆಗಿದ್ವು. ನಂಗಿನ್ನೂ ನೆನಪೈತ್ರಿ. ಒಬ್ಬಾಂವ ಕೇಳಿದ್ದ, ‘ಅಕ್ಕಾರ, ನಮ್ದ್ಯಾಕ ಬ್ಯಾಡ?’ ಅಂತ."

"ನಾ ಏನಂದಿದ್ದೆ?"

"‘ನೀವು ಶುದ್ಧ ಸ್ಯಾಂಪಲ್ ಅಲ್ಲಪಾ’ ಅಂದ್ರಿ. ಅಂವ ನಕ್ಕೊಂಡ ಹೋದ."

ಇಡೀ ಅಳತೆಯಲ್ಲಿ ಮೈತೂಕ ಹೆಚ್ಚಿದ್ದವರು ಆ ಮೂವತ್ತೆಂಟು ಜನ ಮಾತ್ರ. ಅವರನ್ನು ಅವಳು ಅಚ್ಚುಕಟ್ಟಿಗಾಗಿ ತೆಗೆದುಹಾಕಿದ್ದಳು. ಅಜಾಗರೂಕತೆಯಿಂದಲ್ಲ. ಅತಿ ಜಾಗರೂಕತೆಯಿಂದ. ಉಳಿದ ಚುಕ್ಕೆಗಳು ಎಷ್ಟು ಚಂದವಾಗಿ ಒಂದು ರೇಖೆಯ ಮೇಲೆ ಕೂತಿದ್ದವೆಂದರೆ ಅಂದು ಅವಳು ಪ್ರಯೋಗಾಲಯಕ್ಕೆಲ್ಲ ಪೇಢಾ ಹಂಚಿದ್ದಳು.

"ಒಂದು ತಿದ್ದುಪಡಿ ಅಂಶ ಸೇರಿಸಿದ್ರ ಸಾಕ್ರಿ ಮೇಡಂ, ತೂಕಕ್ಕ ತಕ್ಕಂಗ. ಅರ್ಧ ತಾಸಿನ ಕೆಲಸ," ಎಂದ ಮುಸ್ತಾಕ್.

ಅರ್ಧ ತಾಸಿನ ಕೆಲಸ ನಿರ್ದೇಶಕರ ಕೋಣೆಯಲ್ಲಿ ಒಂದೂವರೆ ತಾಸಿನ ಮಾತಾಯಿತು. ಡಾಕ್ಟರ್ ಪ್ರಹ್ಲಾದ ಗಲಗಲಿ ಕೆಟ್ಟ ಮನುಷ್ಯರಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿದರು, ನೋಟ್‌ಬುಕ್ಕಿನ ಪುಟವನ್ನು ನೋಡಿದರು.

"ನೀವು ಹೇಳೂದು ಸರಿ ಅದ. ವಿಜ್ಞಾನ ಸರಿ ಅದ. ಆದ್ರ ನೀಲಾಂಬಿಕಾ ಅವರ, ಸಾರಿನ ಪಾತ್ರೆ ತೋರಿಸಿ ಹನ್ನೊಂದು ಜಿಲ್ಲಾದ ಮಷಿನ್ ಬದಲಸಲಿಕ್ಕೆ ಬರಂಗಿಲ್ಲ. ಹೊಸಾ ಅಳತಿ ಬೇಕು. ತೂಕದ ಮಕ್ಕಳದ್ದು. ಎಂಟು ವಾರ, ಏನು ತಿಂದ್ರು, ಎಷ್ಟು ಅಂಕ ಬಂತು ಅಂತ."

"ಅಲ್ಲೀತನಕ ಕೆಂಪು ದೀಪದ ಶಿಕ್ಷಾ ನಿಲ್ಲಸ್ರಿ ಸರ್."

"ಅದು ಶಿಕ್ಷಾ ಅಲ್ಲ, ಆರೈಕಿ. ನಿಲ್ಲಸೂ ಅಧಿಕಾರ ಯೋಜನಾದ ಸಮಿತಿಗೆ. ಸಮಿತಿ ಕೂಡೂದು ಎಂಟು ವಾರದ ಮ್ಯಾಲೆ. ಆಗ ನಿಮ್ಮ ಅಳತಿ ಇಟ್ರ ಅವರ ಮುಂದ ಮಾತಿರೂದಿಲ್ಲ." ಅವರು ದನಿ ತಗ್ಗಿಸಿದರು. "ಮತ್ತ ನಿಮ್ಮ ಮಗಳ ಹೆಸರು ಪಟ್ಟಿಯೊಳಗ ಅದ. ನೀವು ಈಗ ಅವಸರ ಮಾಡಿದ್ರ ಜನಾ ಏನಂತಾರ? ತನ್ನ ಕೂಸಿಗಾಗಿ ರೇಖಿ ಬಗ್ಗಿಸಿದ್ಲು ಅಂತಾರ."

ಆರುನೂರ ಹನ್ನೆರಡು ಮಕ್ಕಳ ಅಳತೆಗೆ ಅವಳು ಅಂದೇ ಸಹಿ ಹಾಕಿದಳು. ಮಕ್ಕಳು ಏನು ಉಂಡರೆಂದು ಮನೆಯವರು ಪುಸ್ತಕದಲ್ಲಿ ಬರೆಯಬೇಕು. ಸೋಮವಾರದ ಅಂಕ ಹೇಗೂ ಬರುತ್ತದೆ. ಎರಡನ್ನೂ ಎದುರುಬದುರು ಇಟ್ಟರೆ ಸತ್ಯ ತಾನಾಗಿ ಎದ್ದು ನಿಲ್ಲುತ್ತದೆ. ಬನಶ್ರೀಗೆ ಉಳಿದದ್ದು ಎರಡು ಸೋಮವಾರ. ಶಿಬಿರಕ್ಕೆ ಹೋದರೂ ಹೆಚ್ಚೆಂದರೆ ಕೆಲವು ವಾರ, ಅಷ್ಟರಲ್ಲಿ ರೇಖೆ ತಿದ್ದಿರುತ್ತದೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಗಳಿಗೂ ಹೇಳಿದಳು. "ತಪ್ಪು ನಿಂದಲ್ಲ ಬನಿ. ಮಷಿನ್ದು. ನಂದು. ನಾ ತಿದ್ದತೀನಿ. ಎಂಟು ವಾರ ತಡಕೋ."

"ಎಂಟು ವಾರ," ಎಂದಳು ಬನಶ್ರೀ. "ಪಲ್ಲವಿ ಶಿಬಿರಕ್ಕ ಹೋಗಿ ಬಂದಳಲ್ಲ, ಗೊತ್ತೈತೇನ ನಿಂಗ? ಬಂದ ಮ್ಯಾಲೆ ಅಕಿ ಬೆಂಚಿನ್ಯಾಗ ಯಾರೂ ಕೂಡೂದಿಲ್ಲ. ಆಕೀಗೆ ‘ರಿಪೇರಿ’ ಅಂತ ಕರೀತಾರ."

ನೀಲಾಂಬಿಕಾ ಮಗಳ ತಲೆಯ ಮೇಲೆ ಕೈಯಿಟ್ಟಳು. ಹುಡುಗಿ ಕೈಯನ್ನು ಸರಿಸಲಿಲ್ಲ, ಒರಗಲೂ ಇಲ್ಲ.

ಹನ್ನೊಂದನೆಯ ಸೋಮವಾರ ಮೂವತ್ತಮೂರು. ಹನ್ನೆರಡನೆಯದು ಮೂವತ್ತೆಂಟು. ಹಳದಿ!

ಗಂಗವ್ವ ಸಕ್ಕರೆ ಡಬ್ಬಿ ಹಿಡಿದು ಹೊರಗೆ ಬಂದವಳು, ಸಕ್ಕರೆ ಬೇಡವೆಂದು ನೆನಪಾಗಿ, ಮೊಮ್ಮಗಳ ಗಲ್ಲ ಹಿಂಡಿ ಬೆರಳು ಮುರಿದಳು. "ನನ್ನ ಕೂಸು ಒಪ್ಪತ್ತು ಹಿಡದೈತಿ, ದೇವರು ಕಣ್ಣ ತಗದಾನ. ನೀವು ಬರೇ ಮಷಿನ್ ಮಷಿನ್ ಅಂತೀರಿ."

ಗಂಗವ್ವನದು ಮದುವೆಯಾದಂದಿನಿಂದ ಸೋಮವಾರ ಒಪ್ಪತ್ತು. ಮಧ್ಯಾಹ್ನ ಪೂಜೆಯ ಮೇಲೆ ಒಂದು ಊಟ, ಸಂಜೆಗೆ ಒಲೆ ಹತ್ತಿದರೂ ತಾನು ಉಣ್ಣುವುದಿಲ್ಲ. ಮೊಮ್ಮಗಳು ಈಚೆಗೆ ಜೊತೆಗೆ ಕೂಡುತ್ತೇನೆಂದಾಗ ಮುದುಕಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಆಮೇಲೆ ಹನುಮಪ್ಪನ ಶನಿವಾರ ಸೇರಿತು. ಆಮೇಲೆ ಗುರುವಾರವೂ ಬಂತು. ನೀಲಾಂಬಿಕಾಳಿಗೂ ಅಂದು ಸಂತೋಷವಾಗಿತ್ತು. ಅಂಕ ಏಕೆ ಏರಿತೆಂದು ಕೇಳುವುದು ಅವಳ ವೃತ್ತಿ. ಅಂದು ಅವಳು ಕೇಳಲಿಲ್ಲ. ಅಂದು ಅವಳು ಬರೀ ತಾಯಿಯಾಗಿದ್ದಳು.

ನಲವತ್ತೊಂದು. ನಲವತ್ತಾರು. ಎಪ್ಪತ್ತಾರು ಕಿಲೋ ಇದ್ದವಳ ತೂಕ ಅರವತ್ತೊಂಬತ್ತಕ್ಕೆ ಬಂತು.

ಹೊಸ ಅಳತೆಯ ನಾಲ್ಕನೆಯ ವಾರದ ಒಂದು ಬೆಳಗ್ಗೆ ಜಡೆ ಹಾಕುವಾಗ ಬನಶ್ರೀ ಆಕಳಿಸಿದಳು. ಅವಳ ಉಸಿರಿನಲ್ಲಿ ಕಳಿತ ಪೇರಲಹಣ್ಣಿನಂಥ ಸಿಹಿ ವಾಸನೆ. ನೀಲಾಂಬಿಕಾಳ ಕೈಯಲ್ಲಿ ಜಡೆ ನಿಂತಿತು. ಪೇರಲ ತಿಂದವರ ಬಾಯಲ್ಲಿ ಆ ವಾಸನೆ ಬೆಳಗ್ಗೆ ಏಳಕ್ಕೆ ಇರುವುದಿಲ್ಲ. ಹೊಟ್ಟೆಗೆ ಏನೂ ಬೀಳದೆ, ಮೈ ತನ್ನ ಕೊಬ್ಬನ್ನೇ ಕಡಿದು ಉರಿಸುವಾಗ ಹೊರಡುವ ಅಸಿಟೋನಿನ ವಾಸನೆ ಅದು. ಅವಳು ಹಣಿಗೆಯನ್ನು ನೋಡಿದಳು. ಹಲ್ಲುಗಳ ನಡುವೆ ಕೂದಲಿನ ಉಂಡೆ.

"ನಿನ್ನೆ ಏನು ಉಂಡಿ?"

"ಶಾಲ್ಯಾಗ ಉಂಡೆ."

"ಬನಿ."

ಹುಡುಗಿ ಕನ್ನಡಿಯೊಳಗಿಂದ ತಾಯಿಯನ್ನು ನೋಡಿದಳು. "ಉಂಡಿಲ್ಲ. ಆಯಿಗೆ ಶಾಲ್ಯಾಗ ಉಂಡೆ ಅಂತೀನಿ. ಶಾಲ್ಯಾಗ ಮನ್ಯಾಗ ಉಂಡು ಬಂದೆ ಅಂತೀನಿ. ಒಪ್ಪತ್ತಿನ ದಿನ ಎರಡೂ ಸುಳ್ಳು ಬೇಕಾಗೂದಿಲ್ಲ."

ಎಲ್ಲ ಕೊಂಡಿಗಳೂ ಒಮ್ಮೆಲೇ ಕೂಡಿಕೊಂಡವು. ಎಣ್ಣೆಯ ಪದರ ತೆಳುವಾದರೆ ಅದರೊಳಗೆ ಅಡಗಿದ್ದ ಬಣ್ಣ ನೀರಿಗಿಳಿಯುತ್ತದೆ. ಉಪವಾಸದಲ್ಲಿ ಕೊಬ್ಬು ಕರಗಿದಷ್ಟೂ ಅದರಲ್ಲಿ ವರ್ಷಗಟ್ಟಲೆ ಕೂತಿದ್ದ ಬಣ್ಣ ರಕ್ತಕ್ಕೆ ಬಂದು, ಚರ್ಮಕ್ಕೆ ಬಂದು, ಗಾಜಿನ ಮೇಲೆ ಅಂಕವಾಗುತ್ತದೆ. ತಿಂದಾಗ ಕೆಂಪು ತೋರಿದ ಪೆಟ್ಟಿಗೆ ತಿನ್ನದಿದ್ದಾಗ ಹಳದಿ ತೋರಿತ್ತು. ಗಂಗವ್ವ ಹಾಕಿದ್ದ ಕುಂಬಳಕಾಯಿ, ನುಗ್ಗೆಸೊಪ್ಪಿನ ಬಣ್ಣವೇ ಈಗ ಹೊರಬರುತ್ತಿತ್ತು. ಹಸಿದ ಮೇಲೆ.

"ಇದನ್ನ ಯಾರು ಹೇಳಿಕೊಟ್ರು ನಿಂಗ?"

"ಯಾರೂ ಇಲ್ಲ. ಪಟ್ಟಿಯಾಗಿರೋ ಎಲ್ಲಾರಿಗೂ ಗೊತ್ತೈತಿ. ಶುಕ್ರವಾರದಿಂದ ಹಿಡದ್ರ ಸೋಮವಾರ ಎರಡ್ ಅಂಕ ಏರ್ತೈತಿ. ಮಷಿನ್ ಒಪ್ಪತ್ತು ಅಂತೀವಿ ಅದಕ್ಕ." ಅವಳು ಸ್ವಲ್ಪ ನಕ್ಕಳು. "ಪಾಟೀಲ ಸಂದೀಪ ಅಂತೂ ನೀರೂ ಕುಡಿಯೂದಿಲ್ಲ, ದಡ್ಡ. ನೀರಿಗೇನ ಅಂಕ ಹೋಗೂದಿಲ್ಲ ಅಂತ ಎಷ್ಟ್ ಹೇಳಿದ್ರೂ ಕೇಳೂದಿಲ್ಲ."

"ಎಲ್ಲಾರೂ ಅಂದ್ರ... ಎಲ್ಲಾ ಶಾಲ್ಯಾಗೂ?"

"ಹೂಂ ಮತ್ತ. ಫೋನಿನ್ಯಾಗ ಬಂದೈತಿ."

ಅಂದು ಮಧ್ಯಾಹ್ನ ಅವಳು ಮಗಳನ್ನು ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರ್ ರಕ್ತದ ವರದಿ ನೋಡಿ ಹುಬ್ಬೇರಿಸಿದರು. ಸಕ್ಕರೆ ಇಳಿದಿದೆ, ಯಕೃತ್ತಿನ ಕೊಬ್ಬು ಇಳಿದಿದೆ, ಇನ್ಸುಲಿನ್ ನೆಟ್ಟಗಾಗಿದೆ. "ಏನ್ ಮಾಡೀರಿ ಮೇಡಂ? ನಮ್ಮ ಉಳಿದ ಪೇಷೆಂಟ್‌ಗೂ ಹೇಳ್ರಿ!" ಉಪವಾಸದ ಮಾತು ಹೇಳಿದಾಗ ಅವರ ಮುಖ ಗಂಭೀರವಾಯಿತು. ಈ ತಿಂಗಳು ಮುಟ್ಟು ಬಾರದ್ದನ್ನು ಬರೆದುಕೊಂಡರು. ಸರಿಯಾಗಿ ಉಣಿಸಿ ಎಂದರು. ಆದರೆ ಶಾಲೆಯ ಅಂಕದಿಂದ ವಿನಾಯಿತಿ ಕೊಡುವ ಚೀಟಿ ಅವರ ಕೈಯಲ್ಲಿರಲಿಲ್ಲ. ಅಂಥ ಚೀಟಿಯೇ ಯೋಜನೆಯಲ್ಲಿ ಇರಲಿಲ್ಲ.

ಸಂಜೆ ಅವಳು ಮಗಳ ಮುಂದೆ ತಾಟು ಇಟ್ಟು ಕುಳಿತಳು. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಬನಶ್ರೀ ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡಳು.

"ತಿಂತೀನಿ ಮಮ್ಮಿ. ನೀ ಅಂದ್ರ ತಿಂತೀನಿ. ತಿಂದ್ರ ಅಂಕ ಇಳೀತೈತಿ. ಹನ್ನೆರಡು ಸಲ ಇಳಿದ್ರ ಶಿಬಿರ. ಆಗ ನೀ ಏನ್ ಮಾಡ್ತಿ?"

ನೀಲಾಂಬಿಕಾ ಮೊಸರಿನ ಬಟ್ಟಲನ್ನು ಮಗಳತ್ತ ಸರಿಸಿದಳು. "ಇನ್ನು ನಾಲ್ಕ ವಾರ ಐತಿ. ಅಳತಿ ಬರ್ತೈತಿ," ಎಂದಳು. ಹೇಳುತ್ತಿರುವಾಗಲೇ ಅವಳಿಗೆ ಹೊಳೆಯಿತು. ಆ ಅಳತೆಯಲ್ಲಿರುವ ಆರುನೂರ ಹನ್ನೆರಡೂ ಮಕ್ಕಳು ಇದೇ ಪಟ್ಟಿಯವರು.

ಮರುದಿನ ಗಲಗಲಿಯವರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಮನೆಗಳಿಂದ ಬಂದ ಪುಸ್ತಕಗಳನ್ನು ತೆರೆದು ತೋರಿಸಿದರು. ‘ರೊಟ್ಟಿ ಎರಡು, ಮೆಂತ್ಯಪಲ್ಯ ಒಂದು ಬಟ್ಟಲು, ಪಪ್ಪಾಯಿ ನಾಲ್ಕು ಹೋಳು.’ ತಾಯಂದಿರು ಬಡಿಸಿದ್ದನ್ನು ಬರೆದಿದ್ದರು. ಬಡಿಸಿದ್ದು ಹೊಟ್ಟೆಗೆ ಹೋಯಿತೆಂದು ಯಾವ ತಾಯಿ ಅನುಮಾನಿಸುತ್ತಾಳೆ? ಅನುಮಾನಿಸಿದ ಒಬ್ಬ ತಾಯಿಯ ಗತಿ ನೀಲಾಂಬಿಕಾಳಿಗೆ ಗೊತ್ತಿತ್ತು. ಬನಶ್ರೀಯ ಪುಸ್ತಕದಲ್ಲಿ ಗಂಗವ್ವನ ಅಕ್ಷರ ಎಲ್ಲಕ್ಕಿಂತ ಮುದ್ದಾಗಿತ್ತು.

"ಉಸಿರಿನ ಪರೀಕ್ಷಾ ಮಾಡೂಣು ಸರ್. ಮಕ್ಕಳು ಉಪವಾಸ ಇದ್ದಾರೋ ಇಲ್ಲೋ ಒಂದ ನಿಮಿಷದಾಗ ಗೊತ್ತಾಗ್ತೈತಿ."

"ಮಕ್ಕಳ ಮ್ಯಾಲೆ ಹೊಸಾ ಪರೀಕ್ಷಾ ಅಂದ್ರ ನೈತಿಕ ಸಮಿತಿ ಒಪ್ಪಿಗಿ ಬೇಕಲ್ರಿ. ಬರದು ಕಳಸ್ತೀನಿ." ಅವರು ಬರೆದು ಕಳಿಸಿದರು ಕೂಡ. ಒಪ್ಪಿಗೆಯ ಕಾಗದ ಎಲ್ಲಿ ಯಾವ ಮೇಜಿನ ಮೇಲೆ ಕುಳಿತಿತೋ, ಬರಲಿಲ್ಲ. ಅವಳು ಶಾಲೆಗಳಿಗೆ ಪತ್ರ ಬರೆದಳು. ‘ನಮ್ಮ ಮಕ್ಕಳು ಚೆನ್ನಾಗಿ ಊಟ ಮಾಡುತ್ತಿದ್ದಾರೆ, ಅಂಕಗಳೇ ಸಾಕ್ಷಿ’ ಎಂದು ಉತ್ತರಗಳು ಬಂದವು.

ಎಂಟು ವಾರ ಮುಗಿದ ಶುಕ್ರವಾರ ಮುಸ್ತಾಕ್ ಆರುನೂರ ಹನ್ನೆರಡು ಚುಕ್ಕೆಗಳನ್ನು ಗೋಡೆಯ ಪರದೆಯ ಮೇಲೆ ಹಾಕಿದ. ಅಡ್ಡಕ್ಕೆ ತಿಂದ ಬಣ್ಣ, ಉದ್ದಕ್ಕೆ ಬಂದ ಅಂಕ. ಅವಳ ಏಳು ವರ್ಷದ ಹಿಂದಿನ ರೇಖೆ ನಡುವೆ ಓರೆಯಾಗಿ ಏರುತ್ತಿತ್ತು. ಚುಕ್ಕೆಗಳು ರೇಖೆಗಿಂತ ಬಹಳ ಕೆಳಗೆ ಗುಂಪಾಗಿ ಬೀಳಬೇಕಿತ್ತು. ಬೀಳಲಿಲ್ಲ. ಅವು ಒಂದೊಂದಾಗಿ ಬಂದು, ಕಲಿತ ಮಕ್ಕಳು ಸಾಲಿನಲ್ಲಿ ನಿಲ್ಲುವ ಹಾಗೆ, ರೇಖೆಯ ಮೇಲೆಯೇ ನಿಂತವು.

ಮುಸ್ತಾಕ್ ಕುರ್ಚಿಯ ಮೇಲೆ ಕುಳಿತ.

ರೇಖೆ ಎಂದೂ ಮಕ್ಕಳಿಗೆ ಸರಿಹೊಂದಿರಲಿಲ್ಲ. ಈಗ ಮಕ್ಕಳೇ ರೇಖೆಗೆ ಸರಿಹೊಂದಿಬಿಟ್ಟಿದ್ದರು.

ಸಮಿತಿ ಕೂಡಿದ್ದು ಸೋಮವಾರ ಬೆಳಗ್ಗೆ. ಅವಳು ನಲವತ್ತು ನಿಮಿಷ ಮಾತಾಡಿದಳು. ಸಾರು, ಎಣ್ಣೆ, ಪೈಲ್ವಾನರು, ಪೇರಲದ ವಾಸನೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಅಧ್ಯಕ್ಷೆ, ಕನಿಕರವಿದ್ದ ಹೆಂಗಸು, ಮೆಲ್ಲಗೆ ಕೇಳಿದರು: "ತೂಕದ ಮಕ್ಕಳನ್ನ ಅಳೆದ್ರೆ ರೇಖೆ ತಪ್ಪು ಅಂತ ಗೊತ್ತಾಗತ್ತೆ ಅಂದಿದ್ದು ನೀವೇ ಅಲ್ವಾ ಡಾಕ್ಟರ್? ಅಳೆದದ್ದೂ ನೀವೇ ಅಲ್ವಾ?"

"ಹೌದ್ರಿ. ಆದ್ರ ಮಕ್ಕಳು ಉಪವಾಸ ಇದ್ದಾರ. ತೂಕ ನೋಡ್ರಿ, ಸರಾಸರಿ ಆರು ಕಿಲೋ ಇಳದೈತಿ."

"ಇಳೀಲಿ ಅಂತಾನೇ ಯೋಜನೆ ಇರೋದು," ಎಂದರು ಅವರು.

ಯಾರೋ ಮೊದಲು ಚಪ್ಪಾಳೆ ತಟ್ಟಿದರು. ವರ್ಣಾರೋಗ್ಯ ಯೋಜನೆಯನ್ನು ಇನ್ನೂ ಐದು ಜಿಲ್ಲೆಗಳಿಗೆ ವಿಸ್ತರಿಸುವ ನಿರ್ಣಯಕ್ಕೆ ಆಧಾರವಾಗಿ ಡಾಕ್ಟರ್ ನೀಲಾಂಬಿಕಾ ಮೋಟೆಬೆನ್ನೂರ ಅವರ ಹೊಸ ಅಧ್ಯಯನವನ್ನು ಲಗತ್ತಿಸಲಾಯಿತು. ಮುಂದಿನ ಪರಿಶೀಲನೆ ಮೂರು ವರ್ಷದ ಮೇಲೆ. ಗಲಗಲಿಯವರು ಹೊರಗೆ ಬಂದು ಅವಳ ಹತ್ತಿರ ನಿಂತು, "ನಿಮ್ಮ ರೇಖಿ ಸರೀನ ಇತ್ತು ನೋಡ್ರಿ. ಸುಮ್ಮನ ಸಂಕಟ ಪಟ್ಟ್ರಿ," ಎಂದರು. ಅವರ ದನಿಯಲ್ಲಿ ನಿಜವಾದ ಸಮಾಧಾನವಿತ್ತು.

ಸಂಜೆ ಆರಕ್ಕೆ ಅವಳು ಮನೆಯ ಮೆಟ್ಟಿಲು ಹತ್ತುವಾಗಲೇ ಸುಟ್ಟ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಗಂಗವ್ವ ಉಪ್ಪು, ಮೆಣಸಿನಕಾಯಿ ಹಿಡಿದು ಮೊಮ್ಮಗಳಿಗೆ ದೃಷ್ಟಿ ತೆಗೆಯುತ್ತಿದ್ದಳು. ಬನಶ್ರೀ ನಡುಮನೆಯಲ್ಲಿ ಮಣೆಯ ಮೇಲೆ ನಿಂತಿದ್ದಳು. ಶಾಲೆಯ ಅಂಗಿ ಹೆಗಲಿನಿಂದ ಜಾರುತ್ತಿತ್ತು.

"ಮಮ್ಮಿ, ಅರವತ್ತೊಂದು! ಹಸಿರು! ಪ್ರಾರ್ಥನಾದಾಗ ಹೆಸರು ಕರದ್ರು, ಮೈಕಿನ್ಯಾಗ!"

ಅವಳು ಮಣೆಯಿಂದ ಇಳಿದು ಬಂದು ಅಂಗೈಯನ್ನು ತಾಯಿಯ ಮುಂದೆ ಚಾಚಿದಳು. ನೀಲಾಂಬಿಕಾ ಅದನ್ನು ಎರಡೂ ಕೈಗಳಲ್ಲಿ ಹಿಡಿದಳು. ನಸುಹಳದಿಯ, ನಯವಾದ, ಚಂದದ ಅಂಗೈ. ಸಂಜೆಯ ಸೆಕೆಯಲ್ಲೂ ಅದು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಹುಡುಗಿ ಅವಳ ಬಾಯನ್ನೇ ನೋಡುತ್ತಿದ್ದಳು. ಶಾಣ್ಯಾಕಿ ಎಂಬ ಒಂದು ಮೆಚ್ಚುಗೆಯ ಮಾತಿಗಾಗಿ ಕಾಯುತ್ತಿದ್ದಳು.

"ಕೈ ತೊಳಕೊಂಡು ಊಟಕ್ಕ ಬಾ ಬನಿ," ಎಂದಳು ನೀಲಾಂಬಿಕಾ.

"ಇವತ್ತ ಸೋಮವಾರಲ್ಲ ಮಮ್ಮಿ?"

ಹೌದು, ಸೋಮವಾರ. ಗಂಗವ್ವ ಅಡುಗೆಮನೆಯಿಂದ ಒಂದೇ ತಾಟು ತಂದು ಮೇಜಿನ ಮೇಲಿಟ್ಟಳು. ರೊಟ್ಟಿ ಇಟ್ಟಳು, ಬಟ್ಟಲಿಗೆ ಸಾರು ಹಾಕಿದಳು. ಮೇಲೆ ಕೆಂಪು ಎಣ್ಣೆ ತೇಲುತ್ತಿತ್ತು. ಆಮೇಲೆ ಅಜ್ಜಿಯೂ ಮೊಮ್ಮಗಳೂ ಎದುರಿಗೆ ಅಕ್ಕಪಕ್ಕ ಕುಳಿತರು. ಇಬ್ಬರ ಮುಖದಲ್ಲೂ ವ್ರತ ಹಿಡಿದವರ ತೃಪ್ತಿ.

ನೀಲಾಂಬಿಕಾ ರೊಟ್ಟಿಯ ಮೇಲೆ ಕೈಯಿಟ್ಟು ಹಾಗೆಯೇ ಕುಳಿತಳು.

"ಉಣ್ಣ ಮಮ್ಮಿ," ಎಂದಳು ಬನಶ್ರೀ, ಗಲ್ಲಕ್ಕೆ ಕೈಯೂರಿ ತಾಟನ್ನು ನೋಡುತ್ತ. "ಆರಿ ಹೋಗ್ತೈತಿ."